ಹಗೇವಿನ ಸಾಲಿನ ಕಣ್ಣುಪೊರೆ

ದೇಹದಲ್ಲಿ ಹೆಚ್ಚಿನದೆಲ್ಲ ಬದಲಾಗುತ್ತಲೇ ಇರುತ್ತದೆ. ಚರ್ಮ ಉದುರಿ ಹೊಸದು ಬರುತ್ತದೆ. ರಕ್ತದ ಕೆಂಪು ಕಣ ನಾಲ್ಕು ತಿಂಗಳು ಬಾಳಿ ಸಾಯುತ್ತದೆ. ಮೂಳೆ ಕೂಡ ತನ್ನನ್ನು ತಾನು ಕರಗಿಸಿಕೊಂಡು ಮತ್ತೆ ಕಟ್ಟಿಕೊಳ್ಳುತ್ತದೆ. ಕಣ್ಣಿನ ಮಸೂರ ಮಾತ್ರ ಯಾವುದನ್ನೂ ಹೊರಗೆ ಹಾಕುವುದಿಲ್ಲ. ಮಗು ತಾಯಿಯ ಹೊಟ್ಟೆಯಲ್ಲಿದ್ದಾಗ ತಯಾರಾದ ಪ್ರೋಟೀನು ಅದರ ನಡುಭಾಗದಲ್ಲಿ ಎಂಬತ್ತನೆಯ ವಯಸ್ಸಿನಲ್ಲೂ ಹಾಗೆಯೇ ಇರುತ್ತದೆ. ಅದರ ಮೇಲೆ ಒಂದು ಪದರ, ಅದರ ಮೇಲೆ ಇನ್ನೊಂದು. ಹೀಗೆ ಜೀವನವಿಡೀ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಈ ಪ್ರೋಟೀನು ಕೆಟ್ಟು ಗಂಟುಗಟ್ಟಿದರೆ ಬೆಳಕು ಚದರುತ್ತದೆ. ಅದನ್ನೇ ಜನ ಪೊರೆ ಎನ್ನುತ್ತಾರೆ. ಪೊರೆ ಕಣ್ಣಿನ ಮೇಲೆ ಬೆಳೆಯುವುದಿಲ್ಲ, ಮಸೂರವೇ ಮಬ್ಬಾಗುತ್ತದೆ.

ಯಾವ ಪದರ, ಯಾವ ವರ್ಷ, ಯಾವ ಕಾರಣಕ್ಕೆ ಕೆಟ್ಟಿತು ಎಂದು ಹೊರಗಿನಿಂದಲೇ ಓದುವ ಯಂತ್ರ ಬಂದರೆ?

2034ರಲ್ಲಿ ಬಂತು. ಅದಕ್ಕೆ ಪದರಮಾಪಕ ಎಂದು ಹೆಸರಿಟ್ಟರು. ಕಣ್ಣಿನೊಳಕ್ಕೆ ಸಣ್ಣ ಬೆಳಕು ಬಿಟ್ಟು, ಒಂದೊಂದು ಪದರದಿಂದ ಹಿಂತಿರುಗುವ ಬೆಳಕಿನ ಬಣ್ಣದ ವ್ಯತ್ಯಾಸ ಅಳೆಯುವ ಯಂತ್ರ. ಸಕ್ಕರೆ ಕಾಯಿಲೆ ಮಸೂರದಲ್ಲಿ ಬಿಡುವ ಗುರುತು ಬೇರೆ, ಬಿಸಿಲಿನದು ಬೇರೆ, ಏಟಿನದು ಬೇರೆ, ಬರೀ ವಯಸ್ಸಿನದು ಬೇರೆ. ಗುರುತು ಯಾವಾಗ ಬಿತ್ತು ಎಂಬುದನ್ನು ಯಂತ್ರ ಒಂದು ತಿಂಗಳ ಆಚೀಚೆಗೆ ಹೇಳುತ್ತಿತ್ತು.

ಮೊದಲ ವರ್ಷ ಜನ ಅದನ್ನು ಮೆಚ್ಚಿದರು. ಎರಡನೆಯ ವರ್ಷ ಹೆದರಿದರು. ಎರಡು ವರ್ಷದಿಂದಷ್ಟೇ ಸಕ್ಕರೆ ಕಾಯಿಲೆ ಎಂದು ಮನೆಯಲ್ಲಿ ಹೇಳಿಕೊಂಡಿದ್ದ ಹೈಸ್ಕೂಲು ಹೆಡ್‌ಮಾಸ್ತರರೊಬ್ಬರ ಮಸೂರ ಹತ್ತೊಂಬತ್ತು ವರ್ಷ ಎಂದಿತು. ಬಚ್ಚಲಿನಲ್ಲಿ ಜಾರಿ ಬಿದ್ದೆ ಎನ್ನುತ್ತಿದ್ದ ಹೆಂಗಸಿನ ಮಸೂರದಲ್ಲಿ ಹೂವಿನ ಎಸಳಿನಂತೆ ಹರಡಿದ ಏಟಿನ ಗುರುತು ಮೂರು ಬೇರೆ ಬೇರೆ ವರ್ಷಗಳದ್ದಿತ್ತು. ವರದಿ ಓದಿದ ಗಂಡುಮಕ್ಕಳು ಅಪ್ಪನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ಆಸ್ಪತ್ರೆಯ ಕೌಂಟರಿನಲ್ಲಿ "ಕಾರಣದ ಕಾಗದ ಬ್ಯಾಡ್ರಿ, ಆಪರೇಷನ್ ಅಷ್ಟೇ ಸಾಕು" ಎನ್ನುವವರು ಹೆಚ್ಚಾದರು.

ಡಾ. ಮಹಾರುದ್ರಪ್ಪನವರಿಗೆ ಆ ಹೆದರಿಕೆ ಇರಲಿಲ್ಲ. ದಾವಣಗೆರೆಯ ಟ್ರಸ್ಟ್ ಆಸ್ಪತ್ರೆಯೊಂದರ ಕಣ್ಣಿನ ವಿಭಾಗದ ಮುಖ್ಯಸ್ಥರಾದ ಅವರು ಮೂರು ವರ್ಷ ಅಲೆದು ಆ ಯಂತ್ರವನ್ನು ತರಿಸಿದ್ದು ಒಂದೇ ಉದ್ದೇಶಕ್ಕೆ: ಹಗೇವಿನ ಸಾಲಿನ ಭಟ್ಟಿಗಳ ಮೇಲಿನ ತಮ್ಮ ಆರೋಪವನ್ನು ಸಾಬೀತು ಮಾಡುವುದಕ್ಕೆ.

ಹಗೇವಿನ ಸಾಲು ಮಂಡಕ್ಕಿ ಭಟ್ಟಿಗಳ ಓಣಿ. ಎಂಬತ್ತಾರು ಭಟ್ಟಿ, ಸಾವಿರದ ನೂರು ಕೆಲಸಗಾರರು, ಅರ್ಧಕ್ಕಿಂತ ಹೆಚ್ಚು ಹೆಂಗಸರು. ಬಾಣಲೆಯಲ್ಲಿ ಕಾದ ಮರಳು, ಅದರಲ್ಲಿ ಉಪ್ಪುನೀರು ಕುಡಿದ ಅಕ್ಕಿ, ಕೆಳಗೆ ಹೊಟ್ಟಿನ ಬೆಂಕಿ. ಅಲ್ಲಿ ಮೂವತ್ತೈದು, ನಲವತ್ತಕ್ಕೇ ಪೊರೆ ಬರುತ್ತಿದೆ ಎಂದು ಮಹಾರುದ್ರಪ್ಪ ಗಮನಿಸಿದ್ದು 2027ರ ಕ್ಯಾಂಪಿನಲ್ಲಿ. ಗಾಜು ಊದುವವರಿಗೆ, ಕಬ್ಬಿಣ ಕರಗಿಸುವವರಿಗೆ ಶಾಖದಿಂದ ಪೊರೆ ಬರುವುದು ವೈದ್ಯರಿಗೆ ನೂರಾರು ವರ್ಷದಿಂದ ಗೊತ್ತಿದ್ದ ಸಂಗತಿ. ಭಟ್ಟಿಗಳು ಅರವತ್ತು ವರ್ಷದಿಂದ ಇವೆಯಲ್ಲ, ಮೊದಲೇಕೆ ಬರಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ ಅವರು "ಮೊದಲು ಯಾರೂ ನೋಡಿರಲಿಲ್ಲ" ಎಂದಿದ್ದರು. ಪತ್ರಿಕೆಗಳು ಆ ಮಾತನ್ನು ದಪ್ಪಕ್ಷರದಲ್ಲಿ ಹಾಕಿದ್ದವು.

ಹತ್ತು ವರ್ಷದ ಹೋರಾಟ ಕೊನೆಗೊಂದು ಸಮಿತಿಗೆ ಬಂದು ನಿಂತಿತ್ತು. 2037ರ ಮಾರ್ಚ್ 2, ಸೋಮವಾರ ಅಂತಿಮ ವಿಚಾರಣೆ. ಬೆಂಕಿ ಭಟ್ಟಿ ಮುಚ್ಚಿ ವಿದ್ಯುತ್ ಹುರಿಯಂತ್ರ ತರಬೇಕೇ ಎಂಬುದು ಪ್ರಶ್ನೆ. ಹುರಿಯಂತ್ರ ಬಂದರೆ ಹೊಗೆ ಇಲ್ಲ. ಸಾವಿರದ ನೂರು ಕೆಲಸಗಾರರಲ್ಲಿ ನೂರು ಮಂದಿ ಸಾಕು. ಉಳಿದವರಿಗೆ ಬೇರೆ ಕೆಲಸ ಎಂದು ಕಾಗದದಲ್ಲಿತ್ತು. ಸಾಕ್ಷ್ಯವಾಗಿ ಮಹಾರುದ್ರಪ್ಪ ನಲವತ್ನಾಲ್ಕು ಕೆಲಸಗಾರರ ಮಸೂರದ ಓದು ಕೊಡಬೇಕಿತ್ತು.

ಫೆಬ್ರುವರಿ 18, ಬುಧವಾರ ನಲವತ್ನಾಲ್ಕನೆಯವಳು ಬಂದಳು. ಬೀಬಿಜಾನ್, ನಲವತ್ತೆರಡು ವರ್ಷ, ಹದಿನಾರು ವರ್ಷದಿಂದ ಭಟ್ಟಿಯಲ್ಲಿ ಹುರಿಯುವ ಕೆಲಸ. ಎರಡೂ ಕಣ್ಣಿಗೆ ಪೊರೆ. ಬಿಸಿಲಿಗೆ ಬಂದರೆ ಏನೂ ಕಾಣದು, ನೆರಳಿನಲ್ಲಿ ವಾಸಿ.

"ಗದ್ದ ಇಲ್ಲಿಡಿ. ಅಲ್ಲಾಡಬೇಡಿ," ಎಂದಳು ಕುಮುದಿನಿ ರೇವಣಕರ. ಯಂತ್ರ ನಡೆಸುವ ಭೌತವಿಜ್ಞಾನಿ, ಕುಮಟಾ ಕಡೆಯವಳು.

"ಅಲ್ಲಾಡಂಗಿಲ್ರಿ ಮೇಡಂ. ಬಾಣಲಿ ಮುಂದ ಕುಂತಾಕಿ ಮೈಮರೆತರೆ ಮಂಡಕ್ಕಿ ಕರ್‍ರಗಾಗ್ತತಿ. ಮಾಲೀಕ ಮನಿಗೇ ಕಳಿಸ್ತಾನ."

"ಹನ್ನೊಂದು ನಿಮಿಷ."

"ಕಣ್ಣಾಗ ಏನು ಹುಡುಕ್ತೀರಿ ಅಷ್ಟೊತ್ತು?"

"ನೀವು ಹುಟ್ಟಿದಾಗಿನಿಂದ ಇವತ್ತಿನವರೆಗಿನದು ಅದರಲ್ಲಿದೆ."

"ಹಂಗಾರ ಹೊಗೆ ಬಿಟ್ರೆ ಏನೂ ಸಿಗಂಗಿಲ್ಲ ತಗೀರಿ."

ಕುಮುದಿನಿ ನಕ್ಕಳು. ಗೋಡೆಗೊರಗಿ ನಿಂತಿದ್ದ ಮಹಾರುದ್ರಪ್ಪ ಕೂಡ ನಕ್ಕರು. ಅವರು ಅಂದು ನಕ್ಕಿದ್ದು ಅದೊಂದೇ ಸಲ.

ನಲವತ್ನಾಲ್ಕೂ ಓದು ಮುಗಿಯುವವರೆಗೆ ಒಂದನ್ನೂ ಬಿಡಿಸಿ ನೋಡಬಾರದು ಎಂದು ನಿಯಮ ಹಾಕಿದ್ದವರು ಅವರೇ. ಫಲಿತಾಂಶ ಮೊದಲೇ ಗೊತ್ತಾದರೆ ಅಳೆಯುವ ಕೈ ಬಯಸಿದತ್ತ ವಾಲುತ್ತದೆ ಎಂಬುದು ಅವರ ವಾದ. ಬೀಬಿಜಾನ್‌ಳನ್ನು ಹೊರಗೆ ಕೂರಿಸಿ ಕುಮುದಿನಿ ಎಲ್ಲವನ್ನೂ ಒಟ್ಟಿಗೆ ತೆರೆದಳು. ಐದು ನಿಮಿಷ ಒಂದೊಂದಾಗಿ ನೋಡಿದಳು.

"ಇದು ಶಾಖ ಅಲ್ಲ, ಸರ್."

"ಎಷ್ಟು ಜನರದ್ದು?"

"ನಲವತ್ತೊಂದು. ಶಾಖದ ಗುರುತು ಎಲ್ಲರಲ್ಲೂ ಇದೆ. ಆದರೆ ಪೊರೆ ತರುವಷ್ಟಿಲ್ಲ." ಅವಳು ಪರದೆಯ ಮೇಲೆ ಬೆರಳಿಟ್ಟಳು. "ಮಬ್ಬು ಇರುವುದು ಮಸೂರದ ಹಿಂಬದಿಯಲ್ಲಿ, ಅದರ ಹೊರಚೀಲಕ್ಕೆ ಅಂಟಿಕೊಂಡ ಹಾಗೆ, ನಟ್ಟ ನಡುವೆ. ಅಲ್ಲಿ ಪ್ರೋಟೀನಿಗೆ ಸ್ಟೀರಾಯ್ಡ್ ಅಂಟಿದೆ."

ಮಹಾರುದ್ರಪ್ಪ ಕನ್ನಡಕ ತೆಗೆದು ಪರದೆಗೆ ಹತ್ತಿರ ಬಂದರು. ಅವರಿಗೆ ವಿವರಣೆ ಬೇಕಿರಲಿಲ್ಲ. ವಯಸ್ಸಿನ ಪೊರೆ ಸಾಮಾನ್ಯವಾಗಿ ಮಸೂರದ ತಿರುಳಿನಿಂದ ಶುರುವಾಗಿ ಹಳದಿಯಾಗುತ್ತದೆ, ಇಲ್ಲವೆ ಅಂಚಿನಿಂದ ಚಕ್ರದ ಕಡ್ಡಿಗಳಂತೆ ಒಳಗೆ ಬರುತ್ತದೆ. ಹಿಂಬದಿಯ ಪೊರೆ ಅವಕ್ಕಿಂತ ಬೇಗ ಬಲಿಯುತ್ತದೆ, ವಯಸ್ಸು ನೋಡುವುದಿಲ್ಲ, ಬಿಸಿಲಿನಲ್ಲಿ ಕುರುಡು ಮಾಡುತ್ತದೆ. ಅದನ್ನು ತರುವುದರಲ್ಲಿ ಸ್ಟೀರಾಯ್ಡ್ ಔಷಧಿಗೆ ಮೊದಲ ಹೆಸರು. ಹೀಗೆಂದು ಅವರೇ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು.

"ಇನ್ನೊಂದು ವಿಚಿತ್ರ," ಎಂದಳು ಕುಮುದಿನಿ. "ಶುರುವಾದ ಕಾಲ ಒಬ್ಬೊಬ್ಬರದು ಒಂದೊಂದು. ಆದರೆ 2023ರ ಮಾರ್ಚ್‌ಗಿಂತ ಮೊದಲು ಒಬ್ಬರಿಗೂ ಇಲ್ಲ. ಆ ತಿಂಗಳು ಆ ಸಾಲಿನಲ್ಲಿ ಏನಾಯಿತು?"

"ಗೊತ್ತಿಲ್ಲ. ಆಕೆಯನ್ನ ಕರೀರಿ."

ಬೀಬಿಜಾನ್ ಬಾಗಿಲು ತಡವಿ ಒಳಗೆ ಬಂದಳು.

"ಕಣ್ಣಿಗೆ ಏನಾದ್ರೂ ಹಾಕ್ತೀಯೇನಮ್ಮ?"

"ನಿಮ್ಮ ಹನಿ ಹಾಕ್ತೀವಲ್ರಿ, ಸಾಹೇಬ್ರ."

"ನಿಮ್ಮ ಹನಿ" ಎಂಬ ಮಾತನ್ನು ಅವರು ಕ್ಯಾಂಪುಗಳಲ್ಲಿ ಎಷ್ಟೋ ಸಲ ಕೇಳಿದ್ದರು. ನಿಮ್ಮ ಹನಿ ಹಾಕಿ ಆರಾಮ ಐತ್ರಿ, ನಿಮ್ಮ ಹನಿ ಇಲ್ದಿದ್ರ ಕೆಲಸಾನೇ ಆಗಂಗಿಲ್ರಿ. ಯಾವ ಹನಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸಂತೋಷಪಟ್ಟಿದ್ದರು.

"ಯಾವ ಹನಿ? ಸೀಸೆ ಇದೆಯಾ?"

"ಸೀಸೆ ಮನ್ಯಾಗೈತ್ರಿ. ಚೀಟಿ ಐತಿ." ಬೀಬಿಜಾನ್ ಕೈಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ್ದ ಕಾಗದವೊಂದನ್ನು ತೆಗೆದಳು. ಅದಕ್ಕೆ ಗಟ್ಟಿ ಪ್ಲಾಸ್ಟಿಕ್ ಹಾಕಿಸಿತ್ತು. "ನಮ್ಮತ್ತಿ ಹಾಕಿಸ್ಯಾಳ್ರಿ ಪ್ಲಾಸ್ಟಿಕ್. ಓಣಿ ಮಂದಿ ಎಲ್ಲಾ ಇಸ್ಕೊಂಡು ಹೋಗಿ ಹರಿಯಾಕ ಬಂದಿತ್ತು. ಮೆಡಿಕಲ್ ಶಾಪಿನಾಗ ದೊಡ್ಡ ಡಾಕ್ಟ್ರ ಚೀಟಿ ತೋರ್ಸಿದ್ರಷ್ಟೇ ಕೊಡ್ತಾರ."

ದಾವಣಗೆರೆಯ ಕಣ್ಣಿನ ಕ್ಯಾಂಪೊಂದರ ಚೀಟಿ. ಖಾಜಾಬಿ, ವಯಸ್ಸು 52. ಕಣ್ಣು ಕೆಂಪು, ತುರಿಕೆ. ಸ್ಟೀರಾಯ್ಡ್ ಹನಿಯ ಹೆಸರು, ದಿನಕ್ಕೆ ಮೂರು ಸಲ. ಅದರ ಕೆಳಗೆ ಒಂದೇ ಪದ: ಮುಂದುವರಿಸಿ. ಎಷ್ಟು ದಿನ ಎಂದಿಲ್ಲ. 14-3-2023. ಸಹಿ ಮಹಾರುದ್ರಪ್ಪನವರದೇ.

"ಇಡೀ ಓಣಿ ಹಾಕುತ್ತಾ?"

"ಭಟ್ಟಿ ಮುಂದ ಕೂರೋರೆಲ್ಲಾ ಹಾಕ್ತಾರ್ರಿ. ಹಾಕ್ಕೊಂಡ್ರ ಹೊಗೆ ಹತ್ತಂಗಿಲ್ಲ, ಕೆಂಪಾಗಂಗಿಲ್ಲ. ನಾನು ಕೆಲಸಕ್ಕ ಕುಂತ ದಿನ ನಮ್ಮತ್ತಿ ಮೊದಲು ಕೈಗೆ ಕೊಟ್ಟಿದ್ದು ಬಾಣಲಿ ಕೆದಕೋ ಕಡ್ಡಿಪೊರಕೆ, ಈ ಚೀಟಿ ಬಂದಮ್ಯಾಲೆ ಹೊಸಬ್ರಿಗೆ ಮೊದಲು ಕೊಡೋದು ಹನಿ." ಅವಳು ಹೆಮ್ಮೆಯಿಂದ ಹೇಳಿದಳು. ಡಾಕ್ಟರಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದಳು.

ಆ ದಿನದ ಕ್ಯಾಂಪು ಅವರಿಗೆ ನೆನಪಿತ್ತು. ಇನ್ನೂರ ಹನ್ನೆರಡು ರೋಗಿಗಳನ್ನು ನೋಡಿದರು ಎಂದು ಪತ್ರಿಕೆಯಲ್ಲಿ ಬಂದಿತ್ತು. ಸಾಲು ಉದ್ದವಿತ್ತು. ಎರಡು ವಾರ ಹಾಕಿ ನಿಲ್ಲಿಸಬೇಕು ಎಂದು ಬರೆಯಲು, ಓದಿ ಹೇಳಲು ಅರ್ಧ ನಿಮಿಷ ಬೇಕಿತ್ತು.

"ನೀನು ಇವತ್ತಿನಿಂದ ಹನಿ ನಿಲ್ಲಿಸಮ್ಮ," ಎಂದರು. "ಆಪರೇಷನ್ ಇದೆಯಲ್ಲ."

"ನಮ್ಮತ್ತಿ?"

"ಅತ್ತೆಯದು ಆಮೇಲೆ ನೋಡೋಣ."

ಅವಳು ಚೀಟಿಯನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದಳು. ಕುಮುದಿನಿ ಬಾಗಿಲು ಹಾಕಿದಳು.

"ಪೊರೆ ತೆಗೆಯಬಹುದು, ಸರ್. ಎರಡು ಮಿಲಿಮೀಟರ್ ಸೀಳಿ, ಅಲ್ಟ್ರಾಸೌಂಡಿನಿಂದ ಮಸೂರ ಒಡೆದು ಹೀರಿ, ಹೊಸ ಮಸೂರ ಕೂರಿಸುತ್ತೀರಿ. ಕಾಲು ಗಂಟೆ. ಆದರೆ ಈ ಹನಿ ಕೆಲವರಿಗೆ ಕಣ್ಣಿನ ಒತ್ತಡವನ್ನೂ ಏರಿಸುತ್ತದಲ್ಲ?"

"ಏರಿಸುತ್ತೆ."

"ಒತ್ತಡಕ್ಕೆ ದೃಷ್ಟಿಯ ನರ ಸತ್ತರೆ?"

"ವಾಪಸ್ ಬರಲ್ಲ."

"ಕ್ಯಾಂಪಿನಲ್ಲಿ ಒತ್ತಡ ಅಳೆಯುತ್ತಿದ್ದಿರಾ?"

ಅಳೆಯುತ್ತಿರಲಿಲ್ಲ. ಅಳೆದರೆ ಸಾಲು ನಿಧಾನವಾಗುತ್ತದೆ. ಮಹಾರುದ್ರಪ್ಪ ಅದನ್ನು ಹೇಳಲಿಲ್ಲ. "ಯಂತ್ರದ ಅಳತೆ ಸರಿಯಿದೆಯೋ ಇನ್ನೊಮ್ಮೆ ಪರೀಕ್ಷಿಸಿ," ಎಂದರು. "ಹೋಲಿಸಿ ನೋಡಲು ಹೊಸ ಮಾದರಿ ತರಿಸಿ. ಅಲ್ಲಿಯವರೆಗೆ ಇದು ಹೊರಗೆ ಹೋಗಬಾರದು."

"ಒಂದು ವಾರಕ್ಕಿಂತ ಹೆಚ್ಚಾಗುತ್ತದೆ."

"ಆಗಲಿ."

ಕುಮುದಿನಿ ಅವರ ಮುಖವನ್ನೇ ನೋಡಿದಳು. ಅವರು ಕೈ ತೊಳೆಯಲು ಹೋದರು.

ಮುಂದಿನ ದಿನಗಳಲ್ಲಿ ಅವರು ತಮಗೆ ತಾವೇ ಹಲವು ಕಾರಣ ಹೇಳಿಕೊಂಡರು. ಭಟ್ಟಿಯ ಹೊಗೆ ಹೇಗೂ ಶ್ವಾಸಕೋಶಕ್ಕೆ ಕೆಟ್ಟದ್ದು. ವಿಚಾರಣೆ ಬಿದ್ದುಹೋದರೆ ಇನ್ನು ಹತ್ತು ವರ್ಷ ಯಾರೂ ಆ ಓಣಿಯತ್ತ ತಿರುಗಿ ನೋಡುವುದಿಲ್ಲ. ಹೊಗೆಯಿಂದಲೇ ತಾನೆ ಕಣ್ಣು ಉರಿದದ್ದು, ಉರಿದದ್ದಕ್ಕೇ ತಾನೆ ಹನಿ? ಸೋಮವಾರ ಕಳೆಯಲಿ, ಆಮೇಲೆ ಸದ್ದಿಲ್ಲದೆ ಹೋಗಿ ಎಲ್ಲರ ಹನಿ ನಿಲ್ಲಿಸಿದರಾಯಿತು. ಇವುಗಳಲ್ಲಿ ಒಂದೂ ಪೂರ್ತಿ ಸುಳ್ಳಾಗಿರಲಿಲ್ಲ. ಅದರಿಂದಲೇ ದಿನಗಳು ಸುಲಭವಾಗಿ ಕಳೆದವು.

ಹಗೇವಿನ ಸಾಲಿನಲ್ಲಿ ದಿನ ಬೆಳಗಿನ ಹನಿಯಿಂದಲೇ ಶುರುವಾಗುತ್ತಿತ್ತು. ಬೀಬಿಜಾನ್‌ಳ ಅತ್ತೆ ಖಾಜಾಬಿ ಈಗ ಅರವತ್ತಾರರ ಮುದುಕಿ; ಹುರಿಯುವುದನ್ನು ಬಿಟ್ಟು ಮಂಡಕ್ಕಿ ಜರಡಿ ಹಿಡಿಯುತ್ತಿದ್ದಳು. ಎದ್ದ ಕೂಡಲೇ ಗೋಡೆಗೊರಗಿ ಮುಖ ಮೇಲಕ್ಕೆತ್ತಿ ಒಂದೊಂದು ಕಣ್ಣಿಗೆ ಒಂದೊಂದು ಹನಿ. ಮಧ್ಯಾಹ್ನ ನಮಾಜಿಗೆ ಮುಂಚೆ ಇನ್ನೊಮ್ಮೆ. ಮಲಗುವಾಗ ಮತ್ತೊಮ್ಮೆ.

"ಅಮ್ಮೀ, ನನಗ ನಿಲ್ಸು ಅಂದಾರ ಡಾಕ್ಟ್ರು. ನೀನೂ ನಿಲ್ಸಿ ನೋಡು," ಎಂದಳು ಬೀಬಿಜಾನ್.

"ನಿನಗ ಆಪರೇಷನ್ ಐತಿ, ನಿಲ್ಸು ಅಂದಾರ. ನನ್ನ ಸುದ್ದಿ ತಗದ್ರೇನು?"

"ಆಮ್ಯಾಲೆ ನೋಡೋಣ ಅಂದ್ರು."

"ಮತ್ತ? ಬ್ಯಾಡ ಆಗಿದ್ರ ಬ್ಯಾಡ ಅಂತಿದ್ರು. ಅಷ್ಟು ದೊಡ್ಡ ಡಾಕ್ಟ್ರಿಗೆ ಬಾಯಿ ಇಲ್ಲೇನು?" ಖಾಜಾಬಿ ಏಳುತ್ತ ಪಕ್ಕದಲ್ಲಿದ್ದ ನೀರಿನ ಕೊಡ ಒದ್ದಳು. ಅದು ಉರುಳಿತು. "ಯಾ ಅಲ್ಲಾ! ದಾರ್‍ಯಾಗ ಕೊಡ ಇಡಬ್ಯಾಡ ಅಂತ ಎಷ್ಟು ಸಲ ಹೇಳ್ಲಿ ನಿನಗ?"

"ಅದು ದಿನಾ ಅಲ್ಲೇ ಇರ್ತತಿ, ಅಮ್ಮೀ."

"ಹಂಗಾರ ಇವತ್ತು ನಡಕೊಂತ ಬಂದತಿ ಬಿಡು."

ಇಬ್ಬರೂ ನಕ್ಕರು. ಆ ತಿಂಗಳು ಖಾಜಾಬಿ ಬಾಗಿಲ ಚೌಕಟ್ಟಿಗೆ, ಜರಡಿಯ ಕಟ್ಟಿಗೆ, ಮೊಮ್ಮಗಳ ಸೈಕಲ್ಲಿಗೆ ತಾಗಿಸಿಕೊಂಡಿದ್ದಳು. ಎದುರಿಗಿದ್ದದ್ದು ಅಷ್ಟಿಷ್ಟು ಕಾಣುತ್ತಿತ್ತು. ಪಕ್ಕದಲ್ಲಿದ್ದದ್ದು ಎಲ್ಲಿಂದಲೋ ಬಂದು ತಾಗುತ್ತಿತ್ತು.

ವಿಚಾರಣೆಗೆ ಮೂರು ದಿನ ಮೊದಲು, ಶುಕ್ರವಾರ ಸಂಜೆ ಮಹಾರುದ್ರಪ್ಪನವರ ಹೆಂಡತಿ ಶಶಿಕಲಾ ಫ್ರಿಜ್ ತೊಳೆಯುತ್ತಿದ್ದರು. ಬಾಗಿಲಿನ ಖಾನೆಯಿಂದ ಒಂದು ಪುಟ್ಟ ಸೀಸೆ ಎತ್ತಿ ಹಿಡಿದರು.

"ಇದನ್ನ ಎಸೀಲೇನ್ರೀ? ನೀವೇ ಕಾಗದ ಅಂಟಿಸಿಟ್ಟೀರಿ ನೋಡ್ರಿ."

ಅದೇ ಹನಿ. ಹಿಂದಿನ ಚಳಿಗಾಲದಲ್ಲಿ ಶಶಿಕಲಾಗೆ ಕಣ್ಣು ತುರಿಕೆ ಬಂದಾಗ ಅವರೇ ತಂದದ್ದು. ಸೀಸೆಗೆ ಸುತ್ತಿದ ಕಾಗದದಲ್ಲಿ ಅವರದೇ ಅಕ್ಷರ: ಶಶಿ, 9ರಿಂದ 16. 17ಕ್ಕೆ ಎಸೆ.

"ಹಾಕೋದು ಅವತ್ತೇ ನಿಲ್ಸಿದ್ದೆ, ಎಸಿಯೋದು ಮರತಿದ್ದೆ," ಎಂದರು ಶಶಿಕಲಾ. "ಹದಿನೇಳನೇ ತಾರೀಖು ಬೆಳಿಗ್ಗೆ ಆಸ್ಪತ್ರಿಯಿಂದ ಫೋನ್ ಬ್ಯಾರೆ ಮಾಡಿದ್ರಿ, ನಿಲ್ಸಿದಿಯಾ ಅಂತ. ನಕ್ಕಿದ್ದೆ ನಾನು, ಹೆಂಡತಿಗೆ ಎಷ್ಟು ಕಾಳಜಿ ಅಂತ."

ಮಹಾರುದ್ರಪ್ಪ ಕುರ್ಚಿ ಎಳೆದು ಕೂತರು. ಓಣಿಯ ಚೀಟಿಯ ವಿಷಯ ಹೇಳಿದರು. ಹೇಳುವಾಗ ವಾಕ್ಯಗಳು ಕೋರ್ಟಿನ ಹೇಳಿಕೆಯಂತೆ ಬಂದವು: ಚೀಟಿ ಇತ್ತು, ಬರೆಯಲಾಗಿತ್ತು, ಅವಧಿ ನಮೂದಾಗಿರಲಿಲ್ಲ.

"ಅವರಿಗ್ಯಾಕ ತಾರೀಖು ಬರೀಲಿಲ್ಲ?"

"ಕ್ಯಾಂಪಿನಲ್ಲಿ ಸಾಲು ಉದ್ದ ಇತ್ತು."

ಶಶಿಕಲಾ ಸೀಸೆಯನ್ನು ಕಸದ ಬುಟ್ಟಿಗೆ ಹಾಕಿ ಖಾನೆಯನ್ನು ಮತ್ತೆ ಒರೆಸತೊಡಗಿದರು. ಅದು ಆಗಲೇ ಶುಭ್ರವಾಗಿತ್ತು.

ಅಂದೇ ಓಣಿಗೆ ಹೋಗಬಹುದಿತ್ತು. ಆಸ್ಪತ್ರೆಯಿಂದ ನಾಲ್ಕು ಕಿಲೋಮೀಟರ್. ಶನಿವಾರ ಶಸ್ತ್ರಚಿಕಿತ್ಸೆಗಳಿದ್ದವು. ಭಾನುವಾರ ಏನೂ ಇರಲಿಲ್ಲ. ಅವರು ಭಾನುವಾರವಿಡೀ ಮನೆಯಲ್ಲೇ ಇದ್ದು ವಿಚಾರಣೆಯ ಹೇಳಿಕೆಯನ್ನು ಎರಡು ರೀತಿ ಬರೆದರು. ಒಂದರಲ್ಲಿ ನಲವತ್ತೊಂದು ಎಂಬ ಸಂಖ್ಯೆ ಇತ್ತು. ಇನ್ನೊಂದರಲ್ಲಿ "ಅಳತೆಗಳು ಪರಿಶೀಲನೆಯಲ್ಲಿವೆ" ಎಂದಿತ್ತು.

ಸೋಮವಾರ ಬೆಳಿಗ್ಗೆ ಸಭಾಂಗಣದ ಬಾಗಿಲಲ್ಲಿ ಕುಮುದಿನಿ ಲಕೋಟೆ ಕೊಟ್ಟಳು. "ಅಳತೆ ಸರಿಯಿದೆ. ಮೂರು ಸಲ ನೋಡಿದೆ. ನಾನು ಹಿಂದಿನ ಸಾಲಿನಲ್ಲಿ ಇರುತ್ತೇನೆ, ಸರ್."

ಒಳಗೆ ಸಮಿತಿಯ ಅಧ್ಯಕ್ಷೆ, ನಾಲ್ವರು ಸದಸ್ಯರು, ಭಟ್ಟಿ ಮಾಲೀಕರ ಪರವಾಗಿ ರಹಮತ್‌ಉಲ್ಲಾ, ಪತ್ರಿಕೆಯವರು, ಗೋಡೆಯ ಪಕ್ಕ ಕೆಲಸಗಾರರು. ಮಹಾರುದ್ರಪ್ಪನವರ ಎರಡನೆಯ ಹೇಳಿಕೆ ಕೋಟಿನ ಎಡ ಜೇಬಿನಲ್ಲಿತ್ತು. ಅದನ್ನೇ ತೆಗೆಯಬೇಕೆಂದು ಎದ್ದು ನಿಂತಾಗ ಹಿಂದಿನ ಬಾಗಿಲಿನಿಂದ ಬೀಬಿಜಾನ್ ಮತ್ತು ಖಾಜಾಬಿ ಬಂದರು. ಡಾಕ್ಟರ ಪರವಾಗಿ ಸಾಕ್ಷಿ ಹೇಳಲು ಬಂದಿದ್ದರು. ಬೀಬಿಜಾನ್‌ಗೆ ಬೆಳಕು ಹೊಡೆದು ಕಾಣುತ್ತಿರಲಿಲ್ಲ. ಅತ್ತೆ ಅವಳ ಕೈಹಿಡಿದು ನಡೆಸುತ್ತಿದ್ದಳು. ನಾಲ್ಕು ಹೆಜ್ಜೆಗೆ ಖಾಜಾಬಿಯ ಎಡ ಭುಜ ಒಂದರ ಮೇಲೊಂದು ಪೇರಿಸಿಟ್ಟಿದ್ದ ಕುರ್ಚಿಗಳಿಗೆ ಬಡಿಯಿತು. ಅವು ಸದ್ದು ಮಾಡಿದವು. ಅವಳು ಕುರ್ಚಿಗಳತ್ತ ಪೂರ್ತಿ ಮುಖ ತಿರುಗಿಸಿ, ಆಗಷ್ಟೇ ಅವನ್ನು ನೋಡಿದವಳಂತೆ ಸರಿದಳು. ಮುಂದೆ ಬಲಗಡೆ ಮೇಜಿಗೆ ತಾಗಿಸಿಕೊಂಡಳು.

ಕಣ್ಣಿನ ವೈದ್ಯನಿಗೆ ಆ ನಡಿಗೆ ಗೊತ್ತಾಗಲು ಯಾವ ಯಂತ್ರವೂ ಬೇಡ. ಒತ್ತಡಕ್ಕೆ ನರ ಸಾಯುವಾಗ ಮೊದಲು ಹೋಗುವುದು ಪಕ್ಕದ ನೋಟ.

"ಡಾಕ್ಟರ್, ನಿಮ್ಮ ಹೇಳಿಕೆ," ಎಂದರು ಅಧ್ಯಕ್ಷೆ.

"ನಲವತ್ನಾಲ್ಕು ಜನರನ್ನು ಪರೀಕ್ಷಿಸಿದೆವು," ಎಂದರು ಮಹಾರುದ್ರಪ್ಪ. ಕಾಗದ ತೆಗೆಯಲಿಲ್ಲ. "ನಲವತ್ತೊಂದು ಮಂದಿಯ ಪೊರೆಗೆ ಕಾರಣ ಭಟ್ಟಿಯ ಶಾಖವಲ್ಲ. ಹದಿನಾಲ್ಕು ವರ್ಷದಿಂದ ಆ ಓಣಿಯಲ್ಲಿ ಬಳಸುತ್ತಿರುವ ಸ್ಟೀರಾಯ್ಡ್ ಹನಿ. ಅದನ್ನು ಬರೆದುಕೊಟ್ಟವನು ನಾನು. ಎಷ್ಟು ದಿನ ಎಂದು ಬರೆದಿರಲಿಲ್ಲ. ಆಮೇಲೆ ಪ್ರತಿ ವರ್ಷ ಅಲ್ಲಿಗೆ ಹೋಗಿದ್ದೇನೆ. ಏನು ಹಾಕುತ್ತೀರಿ ಎಂದು ಕೇಳಿಲ್ಲ."

ನಂತರ ರಹಮತ್‌ಉಲ್ಲಾ ಕೂತಲ್ಲಿಂದಲೇ, ದೊಡ್ಡ ದನಿಯೇನೂ ಮಾಡದೆ ಹೇಳಿದ:

"ಹತ್ತು ವರ್ಷ ನಮ್ಮ ಬೆಂಕಿಗೆ ಬೈದ್ರಲ್ಲ ಡಾಕ್ಟ್ರೇ. ಪೇಪರಿನಾಗ ನನ್ನ ಫೋಟೋ ಹಾಕಿಸಿ ಕುರುಡು ಮಾಡೋನು ಅಂದ್ರಿ. ನನ್ನ ಮಗಳ ನಿಕಾಹ್ ನಿಂತು ಹೋತು ಅದಕ್ಕ. ಈಗ ಬೆಂಕಿ ನಿಮ್ಮ ಪೆನ್ನಿನಾಗ ಇತ್ತು ಅಂತೀರಿ?"

"ಹೌದು," ಎಂದರು ಮಹಾರುದ್ರಪ್ಪ.

ಅಧ್ಯಕ್ಷೆ ವಿಚಾರಣೆಯನ್ನು ಮುಂದೂಡಿದರು. ಪತ್ರಿಕೆಯವರು ಸುತ್ತುವರಿದರು. ಅವರಲ್ಲೊಬ್ಬ ಹತ್ತು ವರ್ಷದ ಹಿಂದೆ ಅವರ ಮೊದಲ ಸಂದರ್ಶನ ಮಾಡಿದ್ದವನು. ಅವನು ಪ್ರಶ್ನೆ ಕೇಳಲಿಲ್ಲ, ಬರೆದುಕೊಳ್ಳುತ್ತಲೇ ಇದ್ದ.

ಸಂಜೆ ಐದಕ್ಕೆ ಮಹಾರುದ್ರಪ್ಪ, ಕುಮುದಿನಿ ಮತ್ತು ಒಬ್ಬ ನರ್ಸ್ ಹಗೇವಿನ ಸಾಲಿಗೆ ಬಂದರು. ಕೈಯಲ್ಲಿ ಹಿಡಿದು ಕಣ್ಣಿನ ಒತ್ತಡ ಅಳೆಯುವ ಟೋನೋಮೀಟರ್ ತಂದಿದ್ದರು. ಮಂಡಕ್ಕಿ ಚೀಲ ಪೇರಿಸುವ ಬಯಲಿನಲ್ಲಿ ಜನ ಆಗಲೇ ಸೇರಿದ್ದರು. ಸುದ್ದಿ ಮಧ್ಯಾಹ್ನವೇ ತಲುಪಿತ್ತು. ಡಾಕ್ಟರ್ ಮತ್ತೆ ಎಲ್ಲವನ್ನೂ ಹೇಳಿದರು: ಹನಿ ನಿಲ್ಲಿಸಬೇಕು, ಇವತ್ತೇ. ಪೊರೆ ಬಂದವರಿಗೆ ಶಸ್ತ್ರಚಿಕಿತ್ಸೆ ಆಗುತ್ತದೆ, ನೋಟ ಬಹುಮಟ್ಟಿಗೆ ಬರುತ್ತದೆ. ಒತ್ತಡ ಏರಿದವರನ್ನು ಈಗಲೇ ಹುಡುಕಬೇಕು.

"ಹೊಗೆಗೆ ಏನು ಹಾಕ್ಕೊಳ್ಳೋದ್ರಿ ಮತ್ತ?" ಎಂದಳೊಬ್ಬಳು.

"ಕನ್ನಡಕ ಕೊಡ್ಸು ಅನ್ನು ಮಾಲೀಕಗ," ಎಂದಳು ಇನ್ನೊಬ್ಬಳು. "ಇಷ್ಟು ದಿನ ಡಾಕ್ಟ್ರ ಹನಿ ಐತೆಲ್ಲ ಅಂತ ಪುಕ್ಕಟೆ ತಪ್ಪಿಸ್ಕೊಂಡ."

ಮೊದಲು ಖಾಜಾಬಿಯನ್ನು ಕೂರಿಸಿದರು. ಕಣ್ಣು ಮರಗಟ್ಟಿಸುವ ಹನಿ ಹಾಕಿ, ಮೀಟರ್ ಮುಟ್ಟಿಸಿದರು. ಬಲಗಣ್ಣಿಗೆ ಮೂವತ್ತೆಂಟು, ಎಡಗಣ್ಣಿಗೆ ನಲವತ್ತೊಂದು. ಇಪ್ಪತ್ತೊಂದರ ಒಳಗಿರಬೇಕಿತ್ತು. ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರು. ನರದ ತಲೆ ಬಟ್ಟಲಿನಂತೆ ಕುಸಿದು ಬೆಳ್ಳಗಾಗಿತ್ತು.

"ಹೇಳ್ರಿ, ಸಾಹೇಬ್ರ."

"ನಿಮಗೆ ಪಕ್ಕದ ನೋಟ ಹೋಗಿದೆ, ಅಮ್ಮ. ಅದು ಬರಲ್ಲ. ಎದುರಿನದು ಉಳಿಸೋಕೆ ಬೇರೆ ಔಷಧಿ ಇವತ್ತೇ ಶುರು ಮಾಡಬೇಕು."

"ಬರಂಗೇ ಇಲ್ಲ?"

"ಇಲ್ಲ."

ಖಾಜಾಬಿ ದುಪಟ್ಟಾದ ತುದಿಯಿಂದ ಮೂಗು ಒರೆಸಿಕೊಂಡಳು. ಅಳಲಿಲ್ಲ. ಮುಖ ತಿರುಗಿಸಿ ಅವರನ್ನು ನೇರವಾಗಿ ನೋಡಿದಳು.

"ಹದಿನಾಲ್ಕು ವರ್ಷದ ಮಾತು ಬಿಡ್ರಿ. ಬರಿಯುವಾಗ ಮರತ್ರಿ, ಮನುಷ್ಯಾನೇ. ಈ ಹನಿ ಕೆಟ್ಟದ್ದು ಮಾಡಾಕ ಹತ್ತೇತಿ ಅಂತ ನಿಮಗ ಯಾವತ್ತು ಗೊತ್ತಾತ್ರಿ?"

ಬೀಬಿಜಾನ್ ಪಕ್ಕದಲ್ಲಿ ನಿಂತಿದ್ದಳು. ಅವಳು ನೆಲ ನೋಡುತ್ತಿದ್ದಳು. ಕುಮುದಿನಿ ಮೀಟರಿನ ತುದಿ ಒರೆಸುವುದನ್ನು ನಿಲ್ಲಿಸಿದಳು. ಬೆಳಿಗ್ಗೆ ಬಂದ ಲಕೋಟೆ ಮಹಾರುದ್ರಪ್ಪನವರ ಜೇಬಿನಲ್ಲೇ ಇತ್ತು. ಅದರ ಮೇಲೆ ಅಂದಿನದೇ ತಾರೀಖು. ಇವತ್ತು ಗೊತ್ತಾಯಿತು ಎಂದರೂ ಕಾಗದ ಅವರ ಪರವಾಗಿಯೇ ನಿಲ್ಲುತ್ತಿತ್ತು.

"ಹದಿನೆಂಟನೇ ತಾರೀಖು," ಎಂದರು ಮಹಾರುದ್ರಪ್ಪ. "ಬುಧವಾರ. ನಿಮ್ಮ ಸೊಸೆ ಚೀಟಿ ತೋರಿಸಿದಾಗ."

"ಇವತ್ತು ಎರಡು."

"ಹೌದು."

ಖಾಜಾಬಿ ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಇಡುತ್ತಾ ಹೋದಳು. ಹಿಂದೆ ನಿಂತಿದ್ದವರೂ ಆ ಬೆರಳನ್ನೇ ನೋಡಿದರು.

"ಹನ್ನೆರಡು ದಿನ. ಮೂರ್‍ಹೊತ್ತು ಹಾಕ್ಕೊಂಡೀನಿ. ಒಂದೊತ್ತೂ ತಪ್ಪಿಸಿಲ್ರಿ."

"ನನಗ ಅವತ್ತೇ ನಿಲ್ಸು ಅಂದ್ರಿ," ಎಂದಳು ಬೀಬಿಜಾನ್. ಅವಳ ದನಿ ಏರಲಿಲ್ಲ. "ಅತ್ತಿದು ಕೇಳಿದೆ ನಾನು. ಆಮ್ಯಾಲೆ ಅಂದ್ರಿ. ನಾನೂ ಅದನ್ನೇ ಮನಿಗೆ ಬಂದು ಹೇಳಿದೆ."

ಮಹಾರುದ್ರಪ್ಪನವರಿಗೆ ಕ್ಷಮಿಸಿ ಎಂಬ ಮಾತು ಬಾಯಿಗೆ ಬಂತು; ಅದನ್ನು ಹೇಳಿದರೆ ಖಾಜಾಬಿ ಪ್ರತಿಯಾಗಿ ಏನಾದರೂ ಹೇಳಬೇಕಾಗುತ್ತದೆ ಎನ್ನಿಸಿ ಹೇಳಲಿಲ್ಲ. ಖಾಜಾಬಿಯ ಹೊಸ ಔಷಧಿಯನ್ನು ಬರೆದರು. ಹೆಸರು, ಹೊತ್ತು, ಮತ್ತೆ ತೋರಿಸಬೇಕಾದ ತಾರೀಖು. ಗಟ್ಟಿಯಾಗಿ ಓದಿದರು. ಖಾಜಾಬಿ ಕಾಗದವನ್ನು ಅವರ ಕೈಯಿಂದ ತೆಗೆದುಕೊಳ್ಳದೆ ಎದ್ದಳು. ಬೀಬಿಜಾನ್ ತೆಗೆದುಕೊಂಡಳು. ಅದನ್ನು ಕಣ್ಣಿಗೆ ಹತ್ತಿರ ಹಿಡಿದಳು, ಕಾಣಲಿಲ್ಲ. ಕುಮುದಿನಿಗೆ ಕೊಟ್ಟು "ನೀವೊಮ್ಮೆ ಓದ್ರಿ, ಮೇಡಂ" ಎಂದಳು. ಕುಮುದಿನಿ ಓದಿದಳು. ಡಾಕ್ಟರ್ ಓದಿದ್ದೂ ಅವಳು ಓದಿದ್ದೂ ಒಂದೇ ಎಂದು ಖಾತ್ರಿಯಾದ ಮೇಲೆ ಅತ್ತೆ ಸೊಸೆ ಹೊರಟರು.

ಸಾಲು ಚದುರಲಿಲ್ಲ. ಆ ಸಂಜೆ ಆ ಓಣಿಯಲ್ಲಿ ಬೇರೆ ಕಣ್ಣಿನ ವೈದ್ಯರಿರಲಿಲ್ಲ.

ಮುಂದಿನವಳು ಹುರಿಯುವ ಕೆಲಸದ ಹುಡುಗಿ, ಇಪ್ಪತ್ತಮೂರರ ಸಮೀನಾ. ಕುರ್ಚಿಯಲ್ಲಿ ಕೂತು ಮುಖ ಮೇಲೆತ್ತಿದಳು. ಡಾಕ್ಟರ್ ಸೀಸೆ ಹತ್ತಿರ ತರುತ್ತಿದ್ದಂತೆ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇದು ಯಾವ ಹನಿ?"

"ಮರಗಟ್ಟಿಸೋದು. ಮೀಟರ್ ಮುಟ್ಟಿದ್ದು ಗೊತ್ತಾಗಬಾರದು ಅಂತ."

"ಎಷ್ಟು ದಿನ?"

"ಇವತ್ತು ಒಂದೇ ಸಲ. ಮನೆಗೆ ಕೊಡಲ್ಲ."

ಸಮೀನಾ ನರ್ಸಿನ ಕಡೆ ನೋಡಿದಳು. ನರ್ಸ್ ಹೌದೆಂದು ತಲೆಯಾಡಿಸಿದ ಮೇಲೆ ಕೈ ಬಿಟ್ಟಳು.

ಎಂಟೂವರೆಯವರೆಗೆ ಸಮೀನಾಳಿಂದ ಮೊದಲಾಗಿ ನೂರ ಹದಿನೇಳು ಮಂದಿ ಆ ಕುರ್ಚಿಯಲ್ಲಿ ಕೂತರು. ಮಹಾರುದ್ರಪ್ಪ ಅದೇ ಎರಡು ಪ್ರಶ್ನೆಗೆ ಅದೇ ಎರಡು ಉತ್ತರವನ್ನು ನೂರ ಹದಿನೇಳು ಸಲ ಕೊಟ್ಟರು. ಕೇಳದೆ ಕಣ್ಣು ತೆರೆದವರು ಒಬ್ಬರೂ ಇರಲಿಲ್ಲ.